ಐದು ವರ್ಷ ಬಿಡು, ಮುಂದಿನ ಗುರುವಾರ ಹೇಳು

ಈ ಸಲ ಮೂರು ಪತ್ರಗಳನ್ನು ಆರಿಸಿದ್ದೇನೆ. ಮೂರೂ ನಮ್ಮ ಭಾಗದವೇ. ಕಲಬುರಗಿಯಿಂದ ಒಂದು, ಯಾದಗಿರಿ ಜಿಲ್ಲೆಯಿಂದ ಒಂದು, ಬೀದರಿನಿಂದ ಒಂದು. ಬರೆದವರಿಗೆ ಒಬ್ಬರ ಗುರುತು ಇನ್ನೊಬ್ಬರಿಗಿಲ್ಲ. ಆದರೂ ಕೇಳಿರುವುದು ಹೆಚ್ಚುಕಡಿಮೆ ಒಂದೇ. ಚಿಕ್ಕಂದಿನಲ್ಲಿ ಮನೆಯಲ್ಲೇ ಹೊಡೆತ, ಬೈಗುಳ ತಿಂದು ಬೆಳೆದವರಿಗೆ ಮುಂದೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಬರುತ್ತದಾ? ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಬರೆದವರ ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಪ್ರಶ್ನೆ: ಅಕ್ಕ, ನನಗೆ 21 ವರ್ಷ. ಚಿತ್ತಾಪುರ ತಾಲೂಕಿನ ಹಳ್ಳಿಯವಳು. ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಬಿಕಾಂ ಕೊನೆಯ ವರ್ಷ ಓದುತ್ತಿದ್ದೇನೆ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅವ್ವ-ಅಪ್ಪ ಪುಣೆಗೆ ಗುಳೆ ಹೋದರು. ನನ್ನನ್ನು ಕಾಕಾನ ಮನೆಯಲ್ಲಿ ಬಿಟ್ಟರು. ಕಾಕಾ ಕುಡಿದು ಬಂದ ದಿನ ಬಾರುಕೋಲಿನಿಂದ ಹೊಡೆಯುತ್ತಿದ್ದ. ಕಾಕಿ ಕೈ ಎತ್ತುತ್ತಿರಲಿಲ್ಲ. ಆದರೆ ‘ಅನಿಷ್ಟ, ನೀನು ಕಾಲಿಟ್ಟ ಮೇಲೇ ಈ ಮನಿ ಹಾಳಾತು’ ಎನ್ನುತ್ತಿದ್ದಳು. ಕೆಲವು ರಾತ್ರಿ ಬಾಗಿಲ ಹೊರಗೆ ಕಟ್ಟೆಯ ಮೇಲೆ ಮಲಗಿದ್ದೇನೆ. ಹೋದ ತಿಂಗಳು ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ತರಬೇತಿ ಇತ್ತು. ‘ಐದು ವರ್ಷದ ನಂತರ ಎಲ್ಲಿರುತ್ತೀರಿ, ಬರೆಯಿರಿ’ ಎಂದು ಸರ್ ಹೇಳಿದರು. ಗೆಳತಿಯರು ಬ್ಯಾಂಕ್ ಆಫೀಸರ್, ಪಿಡಿಒ ಅಂತ ಪುಟ ತುಂಬಿಸಿದರು. ನನ್ನ ಹಾಳೆ ಖಾಲಿ ಉಳಿಯಿತು. ಮಾರ್ಕ್ಸ್ ಚೆನ್ನಾಗಿಯೇ ಬರುತ್ತವೆ. ಆದರೂ ಇವತ್ತಿನವರೆಗೆ ಯಾವ ಪರೀಕ್ಷೆಗೂ ಅರ್ಜಿ ಹಾಕಿಲ್ಲ. ಹೇಗೂ ಆಗುವುದಿಲ್ಲ ಅನಿಸುತ್ತದೆ. ‘ಪಾಸಿಟಿವ್ ಆಗಿ ಯೋಚಿಸಿ’ ಎನ್ನುವ ರೀಲ್ಸ್ ನೋಡಿದರೆ ಇನ್ನೂ ಬೇಜಾರಾಗುತ್ತದೆ. ಫೋನಿನಲ್ಲೇ ಬಾಲ್ಯದ ಕಷ್ಟ ಅಳೆಯುವ 10 ಪ್ರಶ್ನೆ ಸಿಕ್ಕವು. ನನಗೆ 6 ಬಂತು. ಅಷ್ಟು ಬಂದವರಿಗೆ ಆರೋಗ್ಯ, ಆಯುಷ್ಯ ಎಲ್ಲ ಕಡಿಮೆ ಅಂತ ಬರೆದಿತ್ತು. ನನ್ನಂಥವರಿಗೆ ಆಶಾವಾದ ಬರುತ್ತದಾ? ಇಲ್ಲಾ ಅದು ಸಣ್ಣವಳಿದ್ದಾಗಲೇ ಮುಗಿದುಹೋಯಿತಾ?
– ಹೆಸರು ಬೇಡ, ಕಲಬುರಗಿ

ಉತ್ತರ: ತಂಗಿ, ಮೊದಲು ಒಂದು ಮಾತು. ಎರಡನೇ ಕ್ಲಾಸಿನ ಹುಡುಗಿಯನ್ನು ಬಾರುಕೋಲಿನಿಂದ ಹೊಡೆದದ್ದು ತಪ್ಪು. ರಾತ್ರಿ ಹೊರಗೆ ಹಾಕಿದ್ದು ತಪ್ಪು. ಇದನ್ನು ನಿನ್ನ ಮನೆಯವರು ಯಾರೂ ನಿನಗೆ ಹೇಳಿರಲಿಕ್ಕಿಲ್ಲ. ಅದಕ್ಕೇ ಇಲ್ಲಿ ಅಚ್ಚಿನಲ್ಲಿ ಹೇಳುತ್ತಿದ್ದೇನೆ. ಆ ಮನೆ ಹಾಳಾದದ್ದು ಕುಡಿತದಿಂದ. ನೀನು ಕಾಲಿಟ್ಟದ್ದರಿಂದ ಅಲ್ಲವೇ ಅಲ್ಲ.

ಈಗ ಆ ಖಾಲಿ ಹಾಳೆಯ ಮಾತು. ನಿನ್ನಲ್ಲಿ ಏನೋ ಕೊರತೆ ಇದೆ, ಅದಕ್ಕೇ ಬರೆಯಲಾಗಲಿಲ್ಲ ಅಂದುಕೊಂಡಿದ್ದೀಯ. ನನಗೆ ಹಾಗೆ ಕಾಣುವುದಿಲ್ಲ. ಅಂಗಳದಲ್ಲಿ ಕಾಕಾನ ಚಪ್ಪಲಿ ಸಪ್ಪಳ ಕೇಳಿ, ಇವತ್ತು ಕುಡಿದಿದ್ದಾನೋ ಇಲ್ಲವೋ ಅಂತ ಲೆಕ್ಕ ಹಾಕುವ ಮಗು ಮುಂದಿನ ಐದು ನಿಮಿಷ ನೋಡುತ್ತದೆ. ಐದು ವರ್ಷ ನೋಡುವ ಪುರಸೊತ್ತು ಅದಕ್ಕೆಲ್ಲಿ? ಆ ಐದು ನಿಮಿಷವನ್ನು ಸರಿಯಾಗಿ ನೋಡಿದ್ದಕ್ಕೇ ನೀನು ಎಷ್ಟೋ ಹೊಡೆತ ತಪ್ಪಿಸಿಕೊಂಡಿದ್ದೀಯ. ಆಗ ಅದು ಬುದ್ಧಿವಂತಿಕೆ. ಈಗ ಮನೆ ಬದಲಾಗಿದೆ, ಊರು ಬದಲಾಗಿದೆ. ಮನಸ್ಸಿಗೆ ಮಾತ್ರ ಆ ರೂಢಿ ಬಿಟ್ಟಿಲ್ಲ.

ನಾನು ಬಹಳ ವರ್ಷ ಇದೇ ಊರಲ್ಲಿ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಿದ್ದೆ. ಹೊಸದಾಗಿ ಬಂದವರಲ್ಲಿ ಕೆಲವರು ಟ್ರಂಕಿನ ಬಟ್ಟೆಯನ್ನು ಹೊರಗೇ ತೆಗೆಯುತ್ತಿರಲಿಲ್ಲ. ತಿಂಗಳಾದರೂ ಮಡಿಕೆ ಮುರಿಯದೆ ಹಾಗೇ ಇರುತ್ತಿತ್ತು. ಯಾವತ್ತು ಬೇಕಾದರೂ ‘ಎದ್ದು ಹೋಗು’ ಎಂದಾರು ಅನ್ನುವ ಲೆಕ್ಕ. ರಾತ್ರಿ ರೊಟ್ಟಿ ಮುರಿದು ದಿಂಬಿನ ಕೆಳಗೆ ಇಟ್ಟುಕೊಳ್ಳುವವರಿದ್ದರು. ಬೀದರ್ ಕೋಟೆಗೆ ಪ್ರವಾಸ ಇದೆ, ಹೆಸರು ಬರೆಸಿ ಎಂದರೆ ‘ಅದೆಲ್ಲಾ ಆಗೂದಿಲ್ಲ ಬಿಡ್ರಿ ಮೇಡಂ’ ಎಂದು ಹಿಂದೆ ಸರಿಯುವವರಿದ್ದರು. ಅವರಿಗೆ ಕೋಟೆ ನೋಡುವ ಆಸೆ ಇರಲಿಲ್ಲ ಅಂತೀಯಾ? ಬಸ್ಸು ಹೊರಡುವಾಗ ಅವರ ಮುಖ ನೋಡಿದವಳು ನಾನು. ಆಸೆ ಇತ್ತು. ಆಸೆಪಟ್ಟು ಸಿಗದೆ ಹೋದರೆ ಆಗುವ ನೋವು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಆಸೆಯ ಹತ್ತಿರವೇ ಹೋಗುತ್ತಿರಲಿಲ್ಲ. ನೀನು ಅರ್ಜಿ ಹಾಕದೆ ಇರುವುದೂ ಅದೇ ಇರಬಹುದು. ಯೋಚಿಸಿ ನೋಡು.

ಕೆಟ್ಟದ್ದು ನಡೆದಾಗ ಮನಸ್ಸು ಕಾರಣ ಹುಡುಕುತ್ತದೆ. ದೊಡ್ಡವರಿಗೆ ‘ಅವನು ಕೆಟ್ಟವನು’ ಎನ್ನಲು ಬರುತ್ತದೆ. ಮಗುವಿಗೆ ಅದು ಕಷ್ಟ. ಊಟ ಹಾಕುವವರು, ಸೂರು ಕೊಟ್ಟವರೇ ಕೆಟ್ಟವರು ಎಂದು ಒಪ್ಪಿಕೊಂಡರೆ ಹೋಗುವುದೆಲ್ಲಿಗೆ? ಅದಕ್ಕಿಂತ ‘ನಾನೇ ಸರಿ ಇಲ್ಲ’ ಎನ್ನುವುದು ಸುಲಭ. ನಾನು ಸರಿಯಾದರೆ ಹೊಡೆತ ನಿಲ್ಲುತ್ತದೆ ಎಂಬ ಆಸೆಯಾದರೂ ಅದರಲ್ಲಿದೆ. ಕಾಕಿಯ ಆ ‘ಅನಿಷ್ಟ’ ಎಂಬ ಬೈಗುಳ ಅಲ್ಲೇ ಬಂದು ಕೂತಿದೆ. ಇದು ನನ್ನಿಂದ ಆಯಿತು, ಯಾವಾಗಲೂ ಹೀಗೇ, ಎಲ್ಲ ಕಡೆ ಹೀಗೇ. ಈ ಮೂರು ಗಂಟು ಒಟ್ಟಿಗೆ ಬಿದ್ದರೆ ಪರೀಕ್ಷೆಯ ಅರ್ಜಿ ನೋಡಿದರೂ ಮನಸ್ಸು ‘ಆಗುವುದಿಲ್ಲ’ ಎಂದೇ ಶುರು ಮಾಡುತ್ತದೆ.

ರೀಲ್ಸ್ ನೋಡಿದರೆ ಬೇಜಾರು ಜಾಸ್ತಿ ಆಗುತ್ತದೆ ಎಂದಿದ್ದೀಯ. ಅದಕ್ಕೆ ಕಾರಣ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. 1960ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್‌ಮನ್, ಸ್ಟೀವನ್ ಮೇಯರ್ ಎಂಬ ಇಬ್ಬರು ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಓದಿದರೆ ಈಗಲೂ ಸಂಕಟವಾಗುತ್ತದೆ. ಕೆಲವು ನಾಯಿಗಳಿಗೆ ಏನು ಮಾಡಿದರೂ ನಿಲ್ಲದ ಹಾಗೆ ವಿದ್ಯುತ್ ಶಾಕ್ ಕೊಟ್ಟರು. ಆಮೇಲೆ ಅವನ್ನು ಇನ್ನೊಂದು ಪೆಟ್ಟಿಗೆಯಲ್ಲಿ ಬಿಟ್ಟರು. ಅಲ್ಲಿ ನಡುವೆ ಒಂದು ಗಿಡ್ಡ ಅಡ್ಡಗೋಡೆ. ಅದನ್ನು ಹಾರಿದರೆ ಶಾಕ್ ಇಲ್ಲ. ಆದರೂ ಬಹಳಷ್ಟು ನಾಯಿಗಳು ಹಾರಲಿಲ್ಲ. ಬಿದ್ದಲ್ಲೇ ನರಳುತ್ತಾ ಮಲಗಿದವು. ಅವು ಅಸಹಾಯಕತೆಯನ್ನು ಕಲಿತುಕೊಂಡಿವೆ ಎಂದು 1967ರಲ್ಲಿ ಬರೆದರು. ಜಗತ್ತೆಲ್ಲ ಅದನ್ನೇ ಪಾಠ ಮಾಡಿತು.

ಮುಂದಿನದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಮೇಯರ್ ಮುಂದೆ ಮಿದುಳಿನ ಅಧ್ಯಯನಕ್ಕೆ ಇಳಿದರು. 2016ರಲ್ಲಿ ಅದೇ ಇಬ್ಬರು ಸೇರಿ, ನಾವು ಆಗ ಹೇಳಿದ್ದು ತಿರುವುಮುರುವಾಗಿತ್ತು ಎಂದು ಬರೆದರು. ಬಹಳ ಹೊತ್ತು ಕೆಟ್ಟದ್ದು ನಡೆಯುತ್ತಲೇ ಇದ್ದರೆ ಕೈಚೆಲ್ಲಿ ಕೂರುವುದು ಮಿದುಳಿನ ಹುಟ್ಟುಗುಣ. ಅದನ್ನು ಯಾರೂ ಕಲಿಯಬೇಕಿಲ್ಲ. ಕಲಿಯಬೇಕಾದದ್ದು ಇನ್ನೊಂದು: ನಾನು ಏನಾದರೂ ಮಾಡಿದರೆ ಏನಾದರೂ ಬದಲಾಗುತ್ತದೆ ಎಂಬುದು. ಹಣೆಯ ಹಿಂದಿನ ಮಿದುಳಿನ ಭಾಗ ಆ ಅನುಭವವನ್ನು ಹಿಡಿದಿಟ್ಟುಕೊಂಡು, ಮುಂದೆ ಕಷ್ಟ ಬಂದಾಗ ಕೈಚೆಲ್ಲುವ ಆ ಹುಟ್ಟುಗುಣವನ್ನು ತಡೆಯುತ್ತದೆ.

ಇದನ್ನು ಓದಿದಾಗ ನನಗೆ ಹಾಸ್ಟೆಲಿನ ಹುಡುಗಿಯರೇ ಕಣ್ಣ ಮುಂದೆ ಬಂದರು. ಅವರಲ್ಲಿ ಏನೂ ಕೆಟ್ಟಿರಲಿಲ್ಲ. ನಾನು ಮಾಡಿದರೆ ಬದಲಾಗುತ್ತದೆ ಎಂಬುದನ್ನು ಕಲಿಯಲು ಅವರಿಗೆ ಯಾರೂ ಅವಕಾಶ ಕೊಟ್ಟಿರಲಿಲ್ಲ, ಅಷ್ಟೇ. ಅಳು ನಿಲ್ಲಿಸಿದರೂ ಹೊಡೆತ, ಅತ್ತರೂ ಹೊಡೆತ ಅನ್ನುವ ಮನೆಯಲ್ಲಿ ಅದನ್ನು ಹೇಗೆ ಕಲಿಯುವುದು ಹೇಳು.

ಆ ನಾಯಿಗಳು ಮತ್ತೆ ಹಾರಿದ್ದು ಹೇಗೆ ಗೊತ್ತಾ? ಆಚೆ ಬದಿಯಲ್ಲಿ ನಿಂತು ಕರೆದರು, ಬರಲಿಲ್ಲ. ತಿನ್ನಲು ಹಾಕಿದರು, ಬರಲಿಲ್ಲ. ಕೊನೆಗೆ ಕುತ್ತಿಗೆಯ ಹಗ್ಗ ಹಿಡಿದು, ಈ ಕಡೆಯಿಂದ ಆ ಕಡೆಗೆ ಎಳೆದು ದಾಟಿಸಿದರು. ಮತ್ತೆ ಮತ್ತೆ ದಾಟಿಸಿದರು. ಆಮೇಲೆ ಅವು ತಾವಾಗಿ ದಾಟತೊಡಗಿದವು. ಮೊದಲು ಕಾಲು ದಾಟಿತು. ನಂಬಿಕೆ ಹಿಂದಿನಿಂದ ಬಂತು. ನಿನ್ನ ರೀಲ್ಸ್ ಇದೆಯಲ್ಲ, ಅದು ಆಚೆ ಬದಿಯಲ್ಲಿ ತಿಂಡಿ ಇಟ್ಟು ಕರೆಯುವ ಕೆಲಸ. ‘ಬಾ, ಇಲ್ಲಿ ಎಷ್ಟು ಚೆನ್ನಾಗಿದೆ’ ಅನ್ನುತ್ತದೆ. ಕೂತಲ್ಲೇ ಕೂತ ನಿನಗೆ, ನನಗೆ ಅಷ್ಟೂ ಆಗುತ್ತಿಲ್ಲವಲ್ಲ ಎಂಬ ಇನ್ನೊಂದು ಬೇಜಾರು ಸೇರಿಕೊಳ್ಳುತ್ತದೆ.

ಹಾಗಾಗಿ ಐದು ವರ್ಷದ ಮಾತು ಈಗ ಬಿಟ್ಟುಬಿಡು. ಮುಂದಿನ ಗುರುವಾರದೊಳಗೆ ಮುಗಿಯುವ ಒಂದು ಕೆಲಸ ಹೇಳು. ಅದು ನೀನು ಮಾಡಿದರೆ ಆಗಬೇಕು, ಮಾಡದಿದ್ದರೆ ಆಗಬಾರದು. ಬೇರೆಯವರ ಮರ್ಜಿ ಕಾಯುವಂಥದ್ದು ಬೇಡ. ಉದಾಹರಣೆಗೆ, ನೀನು 371(ಜೆ) ಪ್ರಮಾಣಪತ್ರ ಮಾಡಿಸಿಕೊಂಡಿದ್ದೀಯಾ? ನಮ್ಮ ಕಲ್ಯಾಣ ಕರ್ನಾಟಕದವರಿಗೆ ನೌಕರಿಯಲ್ಲಿ, ಸೀಟುಗಳಲ್ಲಿ ಮೀಸಲಾತಿ ಸಿಗುವುದು ಅದರಿಂದ. ಮಾಡಿಸಿಲ್ಲ ಅಂದರೆ ಅದಕ್ಕೆ ಬೇಕಾದ ಶಾಲೆಯ ದಾಖಲೆ, ಆಧಾರ್ ಎಲ್ಲ ಒಂದು ಫೈಲಿನಲ್ಲಿ ಜೋಡಿಸುವುದೇ ಈ ವಾರದ ಕೆಲಸ. ಮುಂದಿನ ವಾರ ಅರ್ಜಿ ಕೊಡುವುದು. ಅದರ ಮುಂದಿನ ವಾರ, ಬ್ಯಾಂಕ್ ಕ್ಲರ್ಕ್ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ಒಂದನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವುದು. ಆ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು.

ಜೊತೆಗೆ ಒಂದು ನೋಟ್‌ಬುಕ್ ಇಟ್ಟುಕೋ. ಪುಟದ ನಡುವೆ ಗೆರೆ ಎಳಿ. ಕೆಲಸಕ್ಕೆ ಮೊದಲು ಎಡಗಡೆ ‘ಏನಾಗುತ್ತದೆ ಅನಿಸುತ್ತಿದೆ’ ಅಂತ ಬರೆ. ‘ಕಚೇರಿಯಲ್ಲಿ ಬೈದು ಕಳಿಸುತ್ತಾರೆ’ ಅನಿಸಿದರೆ ಅದನ್ನೇ ಬರೆ, ಅಳಿಸಬೇಡ. ಕೆಲಸ ಮುಗಿದ ಮೇಲೆ ಬಲಗಡೆ ‘ನಿಜವಾಗಿ ಏನಾಯಿತು’ ಅಂತ ಬರೆ. ಬೈದಿದ್ದರೆ ಬೈದರು ಅಂತಲೇ ಬರೆ. ಇಲ್ಲಿ ಸುಳ್ಳು ಸೇರಿಸಬಾರದು. ಕೆಲವು ವಾರ ಹೋದ ಮೇಲೆ ಎರಡೂ ಕಡೆ ಓದಿ ನೋಡು. ಎಡಗಡೆಯ ಮಾತುಗಳು ಬಹುಪಾಲು ಕಾಕಾನ ಮನೆಯ ಬಗ್ಗೆ ಇರುತ್ತವೆ. ಬಲಗಡೆಯವು ಈಗಿನ ಕಲಬುರಗಿಯ ಬಗ್ಗೆ ಇರುತ್ತವೆ. ಆ ಅಂತರವನ್ನು ನಾನು ಹೇಳಿದರೆ ನೀನು ನಂಬುವುದಿಲ್ಲ. ನಿನ್ನ ಕೈಬರಹದಲ್ಲೇ ಇದ್ದರೆ ತಳ್ಳಿಹಾಕುವುದು ಕಷ್ಟ.

ಪುಟ ತುಂಬಿಸಿದ ಗೆಳತಿಯರನ್ನು ನೋಡಿ ಹೊಟ್ಟೆ ಉರಿದುಕೊಳ್ಳಬೇಡ. ಸುಂದರವಾಗಿ ಕಲ್ಪಿಸಿಕೊಂಡವರೆಲ್ಲ ಮುಂದೆ ಹೋಗುತ್ತಾರೆ ಅಂತೇನಿಲ್ಲ. ಗೇಬ್ರಿಯೆಲ್ ಓಟಿಂಗನ್ ಎಂಬ ಮನೋವಿಜ್ಞಾನಿ ಜರ್ಮನಿಯಲ್ಲಿ ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ಯುವಕ ಯುವತಿಯರನ್ನು ಎರಡು ವರ್ಷ ಹಿಂಬಾಲಿಸಿದರು. ಸಿಗುವ ನೌಕರಿಯ ಬಗ್ಗೆ ಸಿಹಿ ಸಿಹಿ ಕನಸು ಕಾಣುತ್ತಾ ಕೂತವರು ಕಡಿಮೆ ಅರ್ಜಿ ಹಾಕಿದ್ದರು. ಅವರಿಗೆ ಕೆಲಸದ ಕರೆಗಳೂ ಕಡಿಮೆ ಬಂದಿದ್ದವು, ಸಂಬಳವೂ ಕಡಿಮೆ. ‘ನನಗೆ ಸಿಗಬಹುದು’ ಎಂದು ಲೆಕ್ಕ ಹಾಕಿ ನಂಬಿದವರ ಕಥೆ ಬೇರೆ, ಅವರಿಗೆ ಜಾಸ್ತಿ ಸಿಕ್ಕಿತ್ತು. ಏನು ಬೇಕು ಅಂತ ಯೋಚಿಸಿದ ತಕ್ಷಣ, ಅದಕ್ಕೆ ಅಡ್ಡ ಬರುವುದೇನು, ಅದು ಬಂದಾಗ ನಾನೇನು ಮಾಡುತ್ತೇನೆ ಅಂತಲೂ ಯೋಚಿಸಬೇಕು ಎನ್ನುತ್ತಾರೆ ಅವರು. ಇದರಲ್ಲಿ ನೀನು ಗೆಳತಿಯರಿಗಿಂತ ಮುಂದಿದ್ದೀಯ. ಅಡ್ಡಿಗಳನ್ನು ಮೊದಲೇ ಕಾಣುವ ಕಣ್ಣು ನಿನಗೆ ಚಿಕ್ಕಂದಿನಿಂದ ಇದೆ. ಇಲ್ಲಿಯವರೆಗೆ ಅದನ್ನು ಹಿಂದೆ ಸರಿಯಲು ಬಳಸಿದೆ. ಇನ್ನು ಮುಂದೆ ದಾರಿ ಹುಡುಕಲು ಬಳಸು. ‘ಪರೀಕ್ಷೆಯ ಹಿಂದಿನ ದಿನ ಹೋಗುವುದೇ ಬೇಡ ಅನಿಸುತ್ತದೆ, ಆಗ ರೂಮಿನ ಗೆಳತಿಗೆ ಹೇಳಿ ಅವಳ ಜೊತೆ ಹೊರಡುತ್ತೇನೆ’. ಇಷ್ಟು ನಿಖರವಾಗಿ ಬರೆದಿಟ್ಟುಕೋ.

ಇನ್ನು ಆ 10 ಪ್ರಶ್ನೆಗಳು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ 17,000ಕ್ಕೂ ಹೆಚ್ಚು ಜನರನ್ನು ಬಾಲ್ಯದ ಬಗ್ಗೆ ಕೇಳಿ ನಡೆಸಿದ ಅಧ್ಯಯನದಿಂದ ಬಂದವು ಅವು. ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಅವರ ಜೊತೆಗಾರರು ಅದರ ಮೊದಲ ಫಲಿತಾಂಶಗಳನ್ನು 1998ರಲ್ಲಿ ಪ್ರಕಟಿಸಿದರು. ಬಾಲ್ಯದ ಕಷ್ಟ ಜಾಸ್ತಿ ಇದ್ದಷ್ಟೂ ದೊಡ್ಡವರಾದ ಮೇಲೆ ಕಾಯಿಲೆಗಳೂ ಜಾಸ್ತಿ ಎಂದು ಅದು ತೋರಿಸಿದ್ದು ನಿಜ. ಆದರೆ ಅದು ಸಾವಿರಾರು ಜನರ ಸರಾಸರಿ. ನಿನ್ನ ಜಾತಕ ಅಲ್ಲ. 2020ರಲ್ಲಿ ಆಂಡಾ ಅವರೇ, ಈ ಅಂಕವನ್ನು ಒಬ್ಬೊಬ್ಬರ ಭವಿಷ್ಯ ಹೇಳಲು ಬಳಸಬೇಡಿ, ಅದಕ್ಕೆ ಇದು ಮಾಡಿದ್ದಲ್ಲ ಎಂದು ಬರೆದಿದ್ದಾರೆ. ಆ ಪ್ರಶ್ನೆಗಳಲ್ಲಿ ನಿನ್ನ ಪಕ್ಕ ನಿಂತವರು ಯಾರು ಎಂಬ ಪ್ರಶ್ನೆ ಇಲ್ಲ. ಆಮೇಲೆ ನೀನು ಏನು ಮಾಡಿದೆ ಎಂಬುದೂ ಇಲ್ಲ. 6 ಎನ್ನುವುದನ್ನು ಮನಸ್ಸಿನಿಂದ ಅಳಿಸಿಬಿಡು.

‘ಮುಗಿದುಹೋಯಿತಾ’ ಎಂದು ಕೇಳಿದ್ದೀಯಲ್ಲ, ಅದಕ್ಕೆ ಉತ್ತರ ಹವಾಯಿಯ ಕವಾಯಿ ಎಂಬ ದ್ವೀಪದಲ್ಲಿದೆ. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಅವರ ಜೊತೆಗಾರರು ನಡುವಯಸ್ಸಿನವರೆಗೂ ನೋಡುತ್ತಾ ಬಂದರು. ಮೂರರಲ್ಲೊಂದು ಪಾಲು ಮಕ್ಕಳು ಬಡತನ, ಕುಡಿತ, ಜಗಳದ ಮನೆಗಳಲ್ಲಿ ಬೆಳೆದವರು. ಅಂಥವರಲ್ಲಿ ಮೂರನೇ ಒಂದು ಪಾಲು 18 ವರ್ಷದ ಹೊತ್ತಿಗೆ ಗಟ್ಟಿಯಾಗಿ ನಿಂತಿದ್ದರು. ಅವರೆಲ್ಲರಿಗೂ ಹೆತ್ತವರಲ್ಲದಿದ್ದರೂ ಒಬ್ಬರಾದರೂ ನೆಚ್ಚಿಕೊಳ್ಳುವ ದೊಡ್ಡವರು ಸಿಕ್ಕಿದ್ದರು. ಅಜ್ಜಿ, ಮೇಷ್ಟ್ರು, ಪಕ್ಕದ ಮನೆಯಾಕೆ, ಯಾರೋ ಒಬ್ಬರು. ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಮುಂದಿನದು. ಹದಿವಯಸ್ಸಿನಲ್ಲಿ ದಾರಿ ತಪ್ಪಿದ್ದವರಲ್ಲಿ ಬಹಳಷ್ಟು ಜನ ಇಪ್ಪತ್ತು, ಮೂವತ್ತು ದಾಟಿದ ಮೇಲೆ ಸರಿಹೋದರು. ಮತ್ತೆ ಕಾಲೇಜಿಗೆ ಸೇರಿದರು, ಕೆಲಸ ಹಿಡಿದರು, ಒಳ್ಳೆಯ ಸಂಗಾತಿ ಸಿಕ್ಕರು. ನಿನಗಿನ್ನೂ 21.

ನಮ್ಮ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಆಯಿ ಒಬ್ಬರಿದ್ದರು. ಓದು ಬರದು. ರೊಟ್ಟಿ ಬಚ್ಚಿಡುವ ಒಬ್ಬ ಹುಡುಗಿಯನ್ನು ನೋಡಿ ಬೈಯಲಿಲ್ಲ. ‘ಇಲ್ಲಿ ಡಬ್ಬ್ಯಾಗ ನಿನ್ನ ಪಾಲಿಂದು ಎರಡು ರೊಟ್ಟಿ, ಶೇಂಗಾ ಹಿಂಡಿ ಇಟ್ಟಿರ್ತೀನಿ. ನಡುರಾತ್ರಿ ಹಸಿವಾದ್ರ ಬಂದು ತಿನ್ನು’ ಎಂದರು. ಇಟ್ಟರು. ದಿನಾ ಇಟ್ಟರು. ತಮಗೆ ಜ್ವರ ಬಂದ ದಿನ ಮಗಳ ಕೈಯಲ್ಲಿ ಇಡಿಸಿದರು. ಆ ಹುಡುಗಿ ಮೊದಮೊದಲು ರಾತ್ರಿ ಎದ್ದು ಡಬ್ಬಿ ತೆಗೆದು ನೋಡಿ ಬರುತ್ತಿದ್ದಳು, ತಿನ್ನುತ್ತಿರಲಿಲ್ಲ. ಇದೆಯೋ ಇಲ್ಲವೋ ಅಂತ ನೋಡುವುದಷ್ಟೇ. ಆಮೇಲಾಮೇಲೆ ನೋಡುವುದನ್ನೂ ಬಿಟ್ಟಳು. ದಿಂಬಿನ ಕೆಳಗೆ ರೊಟ್ಟಿ ಇಡುವುದೂ ನಿಂತಿತು. ಆಯಿ ಅವಳಿಗೆ ಒಂದು ದಿನವೂ ಧೈರ್ಯ ಹೇಳಿದ್ದನ್ನು ನಾನು ಕೇಳಲಿಲ್ಲ.

ನಿನಗೂ ಅಂಥವರು ಯಾರೋ ಇದ್ದಾರೆ. ಆ ಮನೆಯಿಂದ ಕಲಬುರಗಿಯ ಬಿಕಾಂವರೆಗೆ ನೀನು ಬಂದದ್ದು ತಾನಾಗಿ ಆಗಿಲ್ಲ. ಹತ್ತನೇ ಕ್ಲಾಸಿನ ಫೀಸು ಕಟ್ಟಿದವರು ಯಾರು? ಹಾಸ್ಟೆಲ್ ಅರ್ಜಿ ತುಂಬಿದವರು ಯಾರು? ಅವರ ಹೆಸರು ನೆನಪು ಮಾಡಿಕೊಂಡು ಈ ವಾರ ಒಂದು ಫೋನ್ ಮಾಡು. ಆ ಅರ್ಜಿಯನ್ನು ನೀನೇ ತುಂಬಿದ್ದರೆ, ‘ನನ್ನಿಂದ ಏನೂ ಆಗುವುದಿಲ್ಲ’ ಎನ್ನುವುದು ಸುಳ್ಳಾಯಿತು, ಅಲ್ವಾ?

ಇದಿಷ್ಟರಿಂದ ಎಲ್ಲ ಸರಿಹೋಗುತ್ತದೆ ಅಂತ ಹೇಳಲಾರೆ. ರಾತ್ರಿ ಬೆಚ್ಚಿ ಏಳುವುದು, ಹಳೆಯದು ಕಣ್ಣಿಗೆ ಕಟ್ಟಿದಂತೆ ಮತ್ತೆ ಮತ್ತೆ ಬರುವುದು, ಬದುಕೇ ಬೇಡ ಅನಿಸುವುದು, ಇದರಲ್ಲಿ ಯಾವುದಿದ್ದರೂ ಒಬ್ಬಳೇ ಹೊರಬೇಡ. 14416ಕ್ಕೆ ಕರೆ ಮಾಡು. ಟೆಲಿ ಮನಸ್ ಅಂತ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರಿನಿಂದ ಇದೆ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲೂ ಮನಸ್ಸಿನ ಡಾಕ್ಟರನ್ನು ಕಾಣಬಹುದು. ಹುಚ್ಚಿಗೆ ಮಾತ್ರ ಅಲ್ಲಿಗೆ ಹೋಗುವುದು ಎಂಬ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡ. ಚಿಕ್ಕಂದಿನ ಪೆಟ್ಟಿಗೆ ಮಾತಿನ ಚಿಕಿತ್ಸೆ ಇದೆ, ಅದರಿಂದ ಗುಣ ಕಂಡವರು ಬಹಳ ಜನ.

ಮುಂದಿನ ಗುರುವಾರ ಏನು ಮಾಡಿದೆ ಅಂತ ನನಗೆ ಬರೆ. ಕಾಯುತ್ತೇನೆ.

ಪ್ರಶ್ನೆ: ನಾನು ಶಹಾಪುರ ತಾಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕ. ಏಳನೇ ತರಗತಿಯ ಒಬ್ಬ ಹುಡುಗನ ತಂದೆ ತಾಯಿ ಬೆಂಗಳೂರಿನಲ್ಲಿ ಕಟ್ಟಡ ಕೆಲಸದಲ್ಲಿದ್ದಾರೆ. ಹುಡುಗ ಸೋದರಮಾವನ ಮನೆಯಲ್ಲಿದ್ದಾನೆ. ಬೆನ್ನ ಮೇಲೆ ಬಾಸುಂಡೆ ನೋಡಿದ್ದೇನೆ. ಕೇಳಿದರೆ ‘ಬಿದ್ದೆ’ ಎನ್ನುತ್ತಾನೆ. ಓದು ಎಂದರೆ ‘ನಂದೇನು ಆಗ್ತದ ಸರ್’ ಎನ್ನುತ್ತಾನೆ. ಬಡತನದಿಂದ ಮೇಲೆ ಬಂದ ದೊಡ್ಡವರ ಕಥೆಗಳನ್ನು ಎಷ್ಟೋ ಹೇಳಿದೆ, ತಲೆ ತಗ್ಗಿಸಿ ಕೂರುತ್ತಾನೆ. ಅವನಲ್ಲಿ ಭರವಸೆ ತುಂಬುವುದು ಹೇಗೆ?
– ಒಬ್ಬ ಶಿಕ್ಷಕ, ಯಾದಗಿರಿ ಜಿಲ್ಲೆ

ಉತ್ತರ: ಸರ್, ಭರವಸೆಯ ಮಾತು ಆಮೇಲೆ. ಮೊದಲು ಆ ಬಾಸುಂಡೆ. ಇವತ್ತು ಸಂಜೆ ಮನೆಗೆ ಹೋದರೆ ಮತ್ತೆ ಹೊಡೆತ ಬೀಳುತ್ತದೆ ಎಂದು ಗೊತ್ತಿರುವ ಮಗುವಿಗೆ ನಾಳೆ ಒಳ್ಳೆಯದಾಗುತ್ತದೆ ಎಂದರೆ ಅದು ನಿಮ್ಮನ್ನೇ ನಂಬುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಇಲ್ಲವೇ ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಿ. ಮಗುವನ್ನು ನೋಡಿಕೊಳ್ಳುವ ಜವಾಬ್ದಾರಿ ಇರುವವರೇ ಹಿಂಸೆ ಕೊಟ್ಟರೆ ಅದು 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಅಪರಾಧ. ಲೈಂಗಿಕ ಕಿರುಕುಳದ ಅನುಮಾನ ಇದ್ದರೆ 2012ರ ಪೋಕ್ಸೊ ಕಾಯ್ದೆ ಬರುತ್ತದೆ. ಅಲ್ಲಿ ಗೊತ್ತಿದ್ದೂ ತಿಳಿಸದೆ ಇರುವುದೇ ತಪ್ಪಾಗುತ್ತದೆ. ‘ಮನೆಯ ವಿಷಯ, ನಮಗ್ಯಾಕೆ’ ಎಂದು ಸ್ಟಾಫ್ ರೂಮಿನಲ್ಲಿ ಹೇಳುವವರಿರುತ್ತಾರೆ. 2007ರಲ್ಲಿ ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದ್ದರು. ಹಾಗಿರುವಾಗ ಇದು ಒಂದು ಮನೆಯ ವಿಷಯ ಹೇಗಾಗುತ್ತದೆ?

ನಿಮ್ಮ ಶಾಲೆಯಲ್ಲಿ ಕೋಲು ಇದ್ದರೆ ಅದನ್ನೂ ತೆಗೆಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಮನೆಯಲ್ಲೂ ಪೆಟ್ಟು, ಶಾಲೆಯಲ್ಲೂ ಪೆಟ್ಟು ಎಂದಾದರೆ ಆ ಹುಡುಗನ ಲೆಕ್ಕದಲ್ಲಿ ಜಗತ್ತು ಅಷ್ಟೇ ಎಂದಾಗುತ್ತದೆ.

ದೊಡ್ಡವರ ಕಥೆಗಳನ್ನು ಸದ್ಯಕ್ಕೆ ನಿಲ್ಲಿಸಿ. ಅದರ ಬದಲು ಸಣ್ಣ ಮಾತು ಕೊಡಿ, ಕೊಟ್ಟದ್ದನ್ನು ತಪ್ಪದೆ ನಡೆಸಿ. ‘ಶುಕ್ರವಾರ ಊಟದ ಹೊತ್ತಿಗೆ ಹತ್ತು ನಿಮಿಷ ಕೂತು ಭಾಗಾಕಾರ ಹೇಳಿಕೊಡುತ್ತೇನೆ’ ಎಂದರೆ ಶುಕ್ರವಾರ ಕೂರಬೇಕು. ಬ್ಲಾಕ್ ಆಫೀಸಿನಲ್ಲಿ ಮೀಟಿಂಗ್ ಬಂತು ಅಂದರೆ ಗುರುವಾರವೇ ಅವನಿಗೆ ಹೇಳಿ ಬೇರೆ ದಿನ ಗೊತ್ತು ಮಾಡಬೇಕು. ಅವನು ದೊಡ್ಡವರ ಮಾತನ್ನು ತೂಗಿ ನೋಡುತ್ತಿರುತ್ತಾನೆ. ಶಾಲೆಯ ಕೈತೋಟದಲ್ಲಿ ಒಂದು ಮಡಿ ಅವನ ಹೆಸರಿಗೆ ಬಿಟ್ಟುಕೊಡಿ. ಮೆಂತ್ಯ ಬಿತ್ತಿದರೆ ವಾರದೊಳಗೆ ಮೊಳಕೆ ಕಾಣುತ್ತದೆ, ಅವನಿಗೆ ಬೇಕಾದದ್ದು ಅಂಥ ಬೇಗ ಕಾಣುವ ಫಲ. ಹೊಗಳುವಾಗ ‘ನೀನು ಜಾಣ’ ಎನ್ನಬೇಡಿ. ‘ನೀನು ದಿನಾ ನೀರು ಹಾಕಿದೆ, ಅದಕ್ಕೆ ಬಂತು’ ಎನ್ನಿ.

ಪ್ರಶ್ನೆ: ಬೀದರಿನಲ್ಲಿ ಎಲೆಕ್ಟ್ರಿಕ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. 26 ವರ್ಷ. ಸಣ್ಣವನಿದ್ದಾಗ ಅಪ್ಪ ನನಗೂ ಅವ್ವನಿಗೂ ಬಹಳ ಹೊಡೆಯುತ್ತಿದ್ದರು. ನಾನು ನಗುನಗುತ್ತಲೇ ಇರುವವನು, ಸ್ವಂತ ಅಂಗಡಿ ಹಾಕುವ ಯೋಜನೆ ಇದೆ. ಯುಗಾದಿ ಆದ ಮೇಲೆ ಲಗ್ನ. ಆದರೆ ಸಂಬಂಧಿಕರೊಬ್ಬರು ‘ಅಪ್ಪನ ಗುಣ ಮಗನಿಗೆ ಬಾರದೆ ಇರುತ್ತದಾ’ ಎಂದದ್ದು ತಲೆಯಲ್ಲಿ ಕೊರೆಯುತ್ತಿದೆ. ನಾನೂ ಹಾಗೇ ಆಗುತ್ತೇನಾ? ಇನ್ನೊಂದು, ಅಪ್ಪನನ್ನು ಕ್ಷಮಿಸಿದರೇನೇ ನಿನಗೆ ಒಳ್ಳೆಯದಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕ್ಷಮಿಸಲೇಬೇಕಾ?
– ಬೀದರ್

ಉತ್ತರ: ತಮ್ಮಾ, ನೀನೂ ಅಪ್ಪನ ಹಾಗೆ ಆಗಲೇಬೇಕು ಅಂತೇನಿಲ್ಲ. ಜೋನ್ ಕಾಫ್‌ಮನ್, ಎಡ್ವರ್ಡ್ ಝಿಗ್ಲರ್ ಎಂಬ ಸಂಶೋಧಕರು 1987ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ನೋಡಿ ಅಂದಾಜು ಮಾಡಿದರು. ಹಿಂಸೆ ಉಂಡು ಬೆಳೆದವರಲ್ಲಿ ಮುಂದೆ ತಮ್ಮ ಮಕ್ಕಳಿಗೆ ಹಿಂಸೆ ಕೊಡುವವರು ಸುಮಾರು ಶೇ 30. ಬೇರೆಯವರಿಗಿಂತ ಇದು ಜಾಸ್ತಿಯೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೆಚ್ಚಿನವರು ಹಾಗಾಗುವುದಿಲ್ಲ. ಮರುವರ್ಷ ಮಿನ್ನೆಸೋಟದ ಬೈರನ್ ಎಗ್‌ಲಂಡ್ ಮತ್ತು ಜೊತೆಗಾರರು, ಚಿಕ್ಕಂದಿನಲ್ಲಿ ಹಿಂಸೆ ಉಂಡರೂ ತಮ್ಮ ಮಕ್ಕಳಿಗೆ ಹಿಂಸೆ ಕೊಡದ ತಾಯಂದಿರ ಬಗ್ಗೆ ಬರೆದರು. ಅಂಥವರಿಗೆ ಚಿಕ್ಕಂದಿನಲ್ಲಿ ಆಸರೆಯಾದ ಒಬ್ಬ ದೊಡ್ಡವರು ಇದ್ದರು, ಅಥವಾ ಚಿಕಿತ್ಸೆ ಸಿಕ್ಕಿತ್ತು, ಅಥವಾ ನೆಮ್ಮದಿಯ ಸಂಗಾತಿ ಇದ್ದರು. ಲಗ್ನಕ್ಕೆ ಮೊದಲೇ ಈ ಪ್ರಶ್ನೆ ಕೇಳುತ್ತಿದ್ದೀಯಲ್ಲ, ನಿನ್ನ ಅಪ್ಪ ಇದನ್ನು ಯಾರನ್ನಾದರೂ ಕೇಳಿದ್ದರಾ?

ಹುಡುಗಿಯ ಜೊತೆ ಒಮ್ಮೆ ಕೂತು ನಿನ್ನ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ಹೇಳು. ಸಿಟ್ಟು ಬಂದಾಗ ನಾನು ಹೊರಗೆ ಹೋಗಿ ಒಂದು ಸುತ್ತು ನಡೆದು ಬರುತ್ತೇನೆ, ಬಂದ ಮೇಲೆ ಮಾತಾಡುತ್ತೇನೆ ಅಂತ ಈಗಲೇ ಮಾತು ಕೊಡು. ಕುಡಿತದಿಂದ ದೂರ ಇರು. ನಿನ್ನ ನಗು ನಟನೆ ಅಂತ ಯಾರಾದರೂ ಅಂದರೆ ಅದಕ್ಕೆ ಉತ್ತರ ಕೊಡುವ ಅಗತ್ಯ ಇಲ್ಲ. ಅಂಗಡಿಗೆ ಜಾಗ ನೋಡು, ಬಾಡಿಗೆ ವಿಚಾರಿಸು.

ಕ್ಷಮೆಯನ್ನು ಯಾರೂ ಹೇರುವಂತಿಲ್ಲ. ಅಪ್ಪನನ್ನು ಕ್ಷಮಿಸದೆಯೂ ನಿನ್ನ ಅಂಗಡಿ ನಡೆಯುತ್ತದೆ, ಸಂಸಾರ ನಡೆಯುತ್ತದೆ. ಮುಂದೆ ಎಂದಾದರೂ ಮನಸ್ಸಾದರೆ ಸರಿ, ಆಗದಿದ್ದರೂ ಸರಿ. ಲಗ್ನಪತ್ರಿಕೆಯಲ್ಲಿ ಅವರ ಹೆಸರು ಹಾಕಿಸುವುದು ಬೇರೆ, ಅವರನ್ನು ನಿನ್ನ ಹೊಸ ಮನೆಯಲ್ಲಿ ಇಟ್ಟುಕೊಳ್ಳುವುದು ಬೇರೆ. ಮೊದಲನೆಯದನ್ನು ಅವ್ವನ ಸಲುವಾಗಿ ಮಾಡಬೇಕು ಅನಿಸಿದರೆ ಮಾಡು. ಎರಡನೆಯದನ್ನು ಹುಡುಗಿಯನ್ನು ಕೇಳದೆ ಒಪ್ಪಬೇಡ.